ಹಳೇ 407ಗೆ ಎಲ್‌ಇಡಿ ಹೆಡ್‌ಲೈಟ್ ಹಾಕಿಸಿದ ಮೇಲೆ ಡಿಮ್‌ನಲ್ಲೂ ನೀಲಿ ಲೈಟ್ ಉರಿಯುತ್ತಿದೆ, ಯಾಕೆ?

ಘಾಟಿ407 (ಮೂಡಿಗೆರೆ):

ಎಲ್ಲರಿಗೂ ನಮಸ್ಕಾರ. ಗಾಡಿ ಟಾಟಾ 407, 2003ರ ಮಾಡೆಲ್, 12 ವೋಲ್ಟ್. ಮುಂದೆ ಏಳಿಂಚಿನ ಗುಂಡು ಹೆಡ್‌ಲೈಟ್. ನಾನೇ ಓನರ್, ನಾನೇ ಡ್ರೈವರ್. ನಮ್ಮ ಕಡೆಯಿಂದ ಶುಂಠಿ, ಬಾಳೆಕಾಯಿ, ತರಕಾರಿ ತುಂಬಿಕೊಂಡು ಚಾರ್ಮಾಡಿ ಇಳಿದು ಮಂಗಳೂರಿಗೆ ಹೋಗುತ್ತೇನೆ. ಲೋಡ್ ಆಗುವುದೇ ಸಂಜೆ, ಹಾಗಾಗಿ ಘಾಟಿ ಯಾವಾಗಲೂ ಕತ್ತಲಲ್ಲೇ. ಕೊಟ್ಟಿಗೆಹಾರ ದಾಟಿದ ಮೇಲೆ ಮಂಜು ಹೇಗಿರುತ್ತದೆ ಅಂತ ಆ ಕಡೆ ಓಡಾಡಿದವರಿಗೆ ಹೇಳಬೇಕಾಗಿಲ್ಲ.

ಹಿಂದಿನ ಓನರ್ 100/90 ವ್ಯಾಟಿನ (ಬ್ರೈಟ್ 100, ಡಿಮ್ 90) ಹ್ಯಾಲೊಜನ್ ಬಲ್ಬ್ ಹಾಕಿಸಿದ್ದರು. ಎಡಗಡೆ ಹೋಲ್ಡರ್ ಸುಟ್ಟು ಕಪ್ಪಾಗಿತ್ತು. ಡೂಮ್ (ಬಲ್ಬ್ ಕೂರುವ, ಬೆಳಕು ಚಿಮ್ಮಿಸುವ ಬಟ್ಟಲು) ಒಳಗಿನ ಬೆಳ್ಳಿ ಬಣ್ಣವೂ ಮಾಸಿ ಹೋಗಿತ್ತು. ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಲ್ಲಿ ಏಳಿಂಚಿನ ಎಲ್‌ಇಡಿ ಲೈಟ್ ಒಂದು ಜೊತೆ ತಂದೆ. ಒಂದೊಂದು 40 ವ್ಯಾಟ್ ಅಂತ ಡಬ್ಬದ ಮೇಲಿದೆ. ಜೊತೆಗೆ ಹಿಂದಿನ ಟೇಲ್ ಲ್ಯಾಂಪನ್ನೂ ಎಲ್‌ಇಡಿ ಮಾಡಿಸಿದೆ. ಮುಂದಿನ ಇಂಡಿಕೇಟರ್ ಮಾತ್ರ ಹಳೆಯದೇ, ಮಾಮೂಲಿ 21 ವ್ಯಾಟ್ ಬಲ್ಬ್. ಇಲ್ಲೇ ಒಬ್ಬ ಹುಡುಗ ಕೂರಿಸಿಕೊಟ್ಟ. ಸುಟ್ಟ ಹೋಲ್ಡರ್ ಕತ್ತರಿಸಿ, ಹೊಸ ಕಪ್ಲರ್ (ಲೈಟಿನ ಹಿಂದೆ ಸಿಕ್ಕಿಸುವ ಮೂರು ಪಿನ್ನಿನ ಪ್ಲಗ್) ವೈರಿಗೆ ಹಳೆ ವೈರ್ ತಿರುಚಿ ಟೇಪ್ ಸುತ್ತಿದ್ದಾನೆ.

ಬೆಳಕಿನ ಬಗ್ಗೆ ಮಾತಿಲ್ಲ, ಚೆನ್ನಾಗಿದೆ. ತಕರಾರು ಇರುವುದು ಮೀಟರ್ ಬೋರ್ಡಿನಲ್ಲಿ. ಡಿಮ್ ಹಾಕಿದರೂ ಹೈಬೀಮಿನ ನೀಲಿ ಲೈಟ್ ಸಣ್ಣಗೆ ಉರಿಯುತ್ತದೆ. ಹಗಲು ಗೊತ್ತಾಗಲ್ಲ, ರಾತ್ರಿ ಕಣ್ಣಿಗೆ ಹೊಡೆಯುತ್ತದೆ. ಬ್ರೈಟ್ ಹಾಕಿದಾಗ ಪೂರ್ತಿ ಉರಿಯುತ್ತದೆ, ಅದು ಸರಿ. ಇನ್ನೊಂದು ವಿಚಿತ್ರ ಏನೆಂದರೆ, ಡಿಮ್‌ನಲ್ಲಿ ಹೋಗುವಾಗ ಎಡಕ್ಕೆ ಇಂಡಿಕೇಟರ್ ಹಾಕಿದರೆ ಈ ನೀಲಿ ಲೈಟೂ ಅದರ ಜೊತೆ ಮಿಣಕ್ ಮಿಣಕ್ ಅನ್ನುತ್ತದೆ. ಬಲಕ್ಕೆ ಹಾಕಿದರೆ ಹಾಗಾಗಲ್ಲ.

ಇಂಡಿಕೇಟರ್ ಎರಡೂ ಕಡೆ ಟಕಟಕ ಅಂತ ಓಡುತ್ತದೆ, ಮೊದಲಿನ ಹಾಗೆ ನಿಧಾನವಾಗಿಲ್ಲ. ಬ್ಯಾಟರಿಯ ಕೆಂಪು ಲೈಟ್ ಸ್ಲೋನಲ್ಲಿ ನಿಂತಾಗ ಸ್ವಲ್ಪ ಕಾಣುತ್ತದೆ, ರೇಸ್ ಮಾಡಿದರೆ ಹೋಗುತ್ತದೆ. ಎಫ್‌ಎಂ ಕರಕರ ಅನ್ನುತ್ತದೆ.

ಹುಡುಗನನ್ನು ಕೇಳಿದರೆ "ಅಣ್ಣ, ಮೀಟರ್ ಬೋರ್ಡ್ ಹೋಗಿದೆ, ಹೊಸದು ಹಾಕಿಸಿ" ಅನ್ನುತ್ತಾನೆ. ಲೈಟ್ ಹಾಕುವ ತನಕ ಸರಿ ಇದ್ದ ಮೀಟರ್ ಬೋರ್ಡ್ ಅದೇ ದಿನ ಹೋಗುತ್ತಾ? ಮುಂದಿನ ತಿಂಗಳು ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಬೇರೆ ಇದೆ. ಗೊತ್ತಿರುವವರು ಹೇಳಿ.


ಮಂಡ್ಯ_ಟಿಪ್ಪರ್:

ಅಣ್ಣ ಸುಮ್ನೆ ಆ ನೀಲಿ ಬಲ್ಬ್ ಕಿತ್ತು ಬಿಸಾಕಿ. ನಾನು ಹಾಗೇ ಮಾಡಿದ್ದು, ಗಾಡಿ ಆರಾಮಾಗಿ ಓಡ್ತಿದೆ.


ಹಳೇವೈರ್ (ಹುಬ್ಬಳ್ಳಿ):

ಟಿಪ್ಪರ್ ತಮ್ಮಾ, ನೀನು ಬಲ್ಬ್ ಕಿತ್ತ ಮೇಲೆ ನಿನ್ನ ಎದುರಿಗೆ ಬಂದವರು ಆರಾಮಾಗಿದ್ದಾರಾ ಅಂತ ಒಮ್ಮೆ ಕೇಳಿ ನೋಡು. ಘಾಟಿಯಲ್ಲಿ ಬ್ರೈಟ್ ಹಾಕಿದ್ದು ಮರೆತರೆ ನೆನಪು ಮಾಡುವುದು ಅದೊಂದೇ ಬಲ್ಬು.

ಮೂಡಿಗೆರೆಯವರೇ, ಮೀಟರ್ ಬೋರ್ಡಿಗೆ ದುಡ್ಡು ಹಾಕಬೇಡಿ. ನೀವು ಬರೆದದ್ದರಲ್ಲೇ ಉತ್ತರ ಇದೆ. ಎಡಕ್ಕೆ ಇಂಡಿಕೇಟರ್ ಹಾಕಿದರೆ ನೀಲಿ ಲೈಟ್ ಮಿನುಗುತ್ತದೆ, ಬಲಕ್ಕೆ ಹಾಕಿದರೆ ಇಲ್ಲ. ಅಂದರೆ ತೊಂದರೆ ಇರುವುದು ಮುಂದೆ, ಎಡಗಡೆ, ಆ ಸುಟ್ಟ ಹೋಲ್ಡರ್ ಇದ್ದ ಜಾಗದಲ್ಲೇ. ನಾನು ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡುವವನು. ಎಲ್‌ಇಡಿ ಬಂದ ಮೇಲೆ ಇಂಥ ಗಾಡಿ ನನ್ನ ಶೆಡ್ಡಿಗೆ ಬರುವುದು ಜಾಸ್ತಿ ಆಗಿದೆ. ಬಹುತೇಕ ಒಂದೇ ಕಾಯಿಲೆ: ಅರ್ತ್.

ಏನಾಗುತ್ತಿದೆ ಅಂತ ಹೇಳುತ್ತೇನೆ, ಸಾವಧಾನವಾಗಿ ಓದಿ.

ಹೆಡ್‌ಲೈಟಿನ ಹಿಂದೆ ಮೂರು ವೈರ್. ಒಂದು ಡಿಮ್, ಒಂದು ಬ್ರೈಟ್, ಒಂದು ಅರ್ತ್. ಡಿಮ್ ಹಾಕಿದಾಗ ಕರೆಂಟ್ ಡಿಮ್ ವೈರಿನಲ್ಲಿ ಬಂದು ಅರ್ತ್ ವೈರಿನಲ್ಲಿ ವಾಪಸ್ ಬ್ಯಾಟರಿಗೆ ಹೋಗಬೇಕು. ಅರ್ತ್ ಜಾಯಿಂಟ್ ಕೆಟ್ಟಿದ್ದರೆ ಅದಕ್ಕೆ ವಾಪಸ್ ಹೋಗುವುದು ಕಷ್ಟ. ಆಗ ಬೇರೆ ದಾರಿ ಹುಡುಕುತ್ತದೆ. ಉಳಿದಿರುವ ದಾರಿ ಬ್ರೈಟ್ ವೈರ್. ಆ ವೈರ್ ಮೀಟರ್ ಬೋರ್ಡಿನ ನೀಲಿ ಬಲ್ಬಿಗೂ ಹೋಗುತ್ತದೆ, ಬಲ್ಬಿನ ಇನ್ನೊಂದು ತುದಿ ಅರ್ತ್. ಹಾಗಾಗಿ ಸ್ವಲ್ಪ ಕರೆಂಟ್ ಬ್ರೈಟ್ ವೈರಿನಲ್ಲಿ ಉಲ್ಟಾ ಹೋಗಿ, ನೀಲಿ ಬಲ್ಬನ್ನು ಸಣ್ಣಗೆ ಉರಿಸಿ ಅರ್ತ್ ಸೇರುತ್ತದೆ. ಮುಂದಿನ ಎಡ ಇಂಡಿಕೇಟರೂ ಅದೇ ಅರ್ತ್ ಮೇಲೆ ನಿಂತಿರಬೇಕು. ಅದು ಉರಿದಾಗಲೆಲ್ಲ ಆ ಜಾಯಿಂಟಿನ ಮೇಲೆ ಇನ್ನೂ ಹೊರೆ, ನೀಲಿ ಇನ್ನೂ ಸ್ವಲ್ಪ ಜೋರು. ಅದೇ ನಿಮ್ಮ ಮಿಣಕ್ ಮಿಣಕ್.

"ಹ್ಯಾಲೊಜನ್ ಇದ್ದಾಗ ಯಾಕೆ ಹೀಗಾಗಲಿಲ್ಲ" ಅಂತ ಕೇಳುತ್ತೀರಿ. ಆಗಲೂ ಆ ಜಾಯಿಂಟ್ ಪೂರ್ತಿ ಚೆನ್ನಾಗಿತ್ತು ಅಂತ ನಾನು ನಂಬಲ್ಲ. ಹೋಲ್ಡರ್ ಸುಟ್ಟಿತ್ತು ಅಂತ ನೀವೇ ಹೇಳಿದಿರಿ. ಆದರೆ ಆಗ ಬಲಗಡೆ ಲೈಟಿನ ಬ್ರೈಟ್ ಫಿಲಮೆಂಟ್ ಇತ್ತಲ್ಲ, ಅದು ತಣ್ಣಗಿದ್ದಾಗ ಒಂದು ಓಮ್‌ಗಿಂತ ಕಡಿಮೆ. ಎಡಗಡೆಯಿಂದ ಸೋರಿ ಬಂದ ಕರೆಂಟನ್ನು ಅದೇ ನುಂಗಿ ಅರ್ತ್‌ಗೆ ಕಳಿಸುತ್ತಿತ್ತು, ನೀಲಿ ಬಲ್ಬಿಗೆ ಏನೂ ಸಿಗುತ್ತಿರಲಿಲ್ಲ. ಈಗ ಬಲಗಡೆಯೂ ಎಲ್‌ಇಡಿ. ಅದರೊಳಗಿನ ಡ್ರೈವರ್ ಸರ್ಕ್ಯೂಟ್ (ಎಲ್‌ಇಡಿಗೆ ಬೇಕಾದಷ್ಟು ಕರೆಂಟ್ ಅಳೆದು ಕೊಡುವ ಭಾಗ) ಎರಡು ಮೂರು ವೋಲ್ಟಿಗೆ ಎದ್ದೇಳಲ್ಲ, ಕರೆಂಟ್ ಎಳೆಯಲ್ಲ. ಉಳಿದದ್ದು ನೀಲಿ ಬಲ್ಬ್ ಒಂದೇ.

ಈ ಏಳಿಂಚಿನ ಎಲ್‌ಇಡಿಗಳಲ್ಲಿ ಎಷ್ಟೋ ತಯಾರಕರು ಪ್ಲಸ್ಸು ಮೈನಸ್ಸು ಯಾವ ಕಡೆಯಿಂದ ಬಂದರೂ ನಡೆಯಲಿ ಅಂತ ಒಳಗೆ ಡಯೋಡ್ ಬ್ರಿಡ್ಜ್ ಇಟ್ಟಿರುತ್ತಾರೆ. ಯಾವ ಪಿನ್ನಿನಲ್ಲಿ ವೋಲ್ಟೇಜ್ ಕಡಿಮೆ ಇದೆಯೋ ಅದರಿಂದಲೇ ಕರೆಂಟ್ ಹೊರಗೆ ಹೋಗುತ್ತದೆ. ಅರ್ತ್ ಚೆನ್ನಾಗಿದ್ದರೆ ಇದರಿಂದ ಏನೂ ತೊಂದರೆ ಇಲ್ಲ.

ಎಲ್‌ಇಡಿಯಲ್ಲಿ ಇನ್ನೊಂದು ಕಷ್ಟ ಇದೆ, ಇದು ಬಹಳ ಜನಕ್ಕೆ ತಲೆಗೆ ಹೋಗಲ್ಲ. ಹ್ಯಾಲೊಜನ್ ಆಗಿದ್ದರೆ ಅರ್ತ್ ಕೆಟ್ಟ ಕಡೆ ಲೈಟ್ ಹಳದಿಯಾಗಿ ಮಂಕಾಗುತ್ತಿತ್ತು. ನೀವು ಗಾಡಿ ಮುಂದೆ ನಿಂತರೆ ಸಾಕು, ಗೊತ್ತಾಗುತ್ತಿತ್ತು. ಎಲ್‌ಇಡಿ ಡ್ರೈವರ್ ಹತ್ತು ವೋಲ್ಟ್ ಸಿಕ್ಕರೂ ಅಷ್ಟೇ ಬೆಳಕು ಕೊಡುತ್ತದೆ, ಕರೆಂಟ್ ಮಾತ್ರ ಜಾಸ್ತಿ ಎಳೆಯುತ್ತದೆ. ನೋಡುವವರಿಗೆ ಎರಡೂ ಲೈಟ್ ಚಂದ. ಒಳಗೆ ಜಾಯಿಂಟ್ ಕಾಯುತ್ತಿರುತ್ತದೆ.

ಈಗ ಮಾಡಬೇಕಾದ್ದು. ಒಂದು ಮಲ್ಟಿಮೀಟರ್ ತಗೊಳ್ಳಿ, ಹಳದಿ ಬಣ್ಣದ ಸಸ್ತಾ ಮೀಟರ್ ಆದರೂ ಸಾಕು. ಡಿಸಿ 20 ವೋಲ್ಟಿಗೆ ಇಡಿ. ಇಂಜಿನ್ ಸ್ಟಾರ್ಟ್ ಮಾಡಿ ಡಿಮ್ ಹಾಕಿ. ಕಪ್ಲರ್ ಬಿಚ್ಚಬೇಡಿ, ಲೈಟ್ ಉರಿಯುತ್ತಲೇ ಇರಬೇಕು. ಮೀಟರಿನ ಒಂದು ತುದಿ ಬ್ಯಾಟರಿ ಮೈನಸ್ ಮೇಲೆ. ಇನ್ನೊಂದನ್ನು ಎಡ ಲೈಟಿನ ಅರ್ತ್ ಪಿನ್ನಿಗೆ ಕಪ್ಲರ್ ಹಿಂದಿನಿಂದ ಚುಚ್ಚಿ. 0.1, ಹೆಚ್ಚೆಂದರೆ 0.2 ವೋಲ್ಟ್ ಬರಬೇಕು. ಒಂದು ವೋಲ್ಟ್ ದಾಟಿದರೆ ಅರ್ತ್ ಕೆಟ್ಟಿದೆ. ಹಾಗೇ ಎಡ ಇಂಡಿಕೇಟರ್ ಹಾಕಿ ನೋಡಿ, ಆಮೇಲೆ ಬಲಗಡೆಯನ್ನೂ ಅಳೆಯಿರಿ.

ಓಮ್ಸ್‌ನಲ್ಲಿ ಇಟ್ಟು ಅರ್ತ್ ನೋಡಿದೆ, ಸರಿ ಇದೆ ಅನ್ನುವವರು ಬರುತ್ತಾರೆ. ಅದು ನಡೆಯಲ್ಲ. ಒಂದೇ ಒಂದು ಎಳೆ ತಾಮ್ರ ಹಿಡಿದುಕೊಂಡಿದ್ದರೂ ಓಮ್ಸ್‌ನಲ್ಲಿ, ಬೀಪ್‌ನಲ್ಲಿ ಅರ್ತ್ ಇದೆ ಅಂತಲೇ ತೋರಿಸುತ್ತದೆ. ಕರೆಂಟ್ ಹರಿಯುವಾಗ ವೋಲ್ಟ್ ಅಳೆದರೆ ಮಾತ್ರ ಬಣ್ಣ ಬಯಲಾಗುತ್ತದೆ.

ಮೀಟರ್ ಇಲ್ಲದಿದ್ದರೆ ಉದ್ದದ ವೈರ್ ಒಂದು ಸಾಕು. ಡಿಮ್ ಉರಿಯುತ್ತಿರುವಾಗ ಬ್ಯಾಟರಿ ಮೈನಸ್ಸಿನಿಂದ ಆ ಅರ್ತ್ ಪಿನ್ನಿಗೆ ಮುಟ್ಟಿಸಿ. ನೀಲಿ ಲೈಟ್ ಆರಿದರೆ ಅಲ್ಲಿಗೆ ಕೇಸು ಮುಗಿಯಿತು. ಮುಟ್ಟಿಸುವ ಪಿನ್ ಅರ್ತ್ ಪಿನ್ನೇ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ, ಇಲ್ಲದಿದ್ದರೆ ಫ್ಯೂಸ್ ಹೋಗುತ್ತದೆ.

ಇಂಡಿಕೇಟರ್ ಓಡುವುದು ಬೇರೆ ಕಥೆ, ಅದಕ್ಕೂ ಹೆಡ್‌ಲೈಟಿಗೂ ಸಂಬಂಧ ಇಲ್ಲ. ಹಿಂದಿನ ಟೇಲ್ ಲ್ಯಾಂಪಿನ ಇಂಡಿಕೇಟರಿನಲ್ಲಿ 21 ವ್ಯಾಟ್ ಬಲ್ಬ್ ಹೋಗಿ ಎಲ್‌ಇಡಿ ಬಂತು. ಬಲ್ಬ್ ಸುಟ್ಟಿದೆ ಅಂತ ಫ್ಲ್ಯಾಷರ್ (ಇಂಡಿಕೇಟರನ್ನು ಮಿನುಗಿಸುವ ಡಬ್ಬಿ) ತಿಳಿದುಕೊಂಡು ಬೇಗ ಬೇಗ ಬಡಿಯುತ್ತಿದೆ. ನಿಯಮದ ಪ್ರಕಾರ ನಿಮಿಷಕ್ಕೆ 60ರಿಂದ 120 ಸಲ ಬಡಿಯಬೇಕು. ಎಲ್‌ಇಡಿಗೆ ಅಂತಲೇ ಬರುವ ಫ್ಲ್ಯಾಷರ್ ಹಾಕಿ. ಅದರಲ್ಲಿ ಮೂರನೇ ಪಿನ್ ಇರುತ್ತದೆ, 31 ಅಥವಾ ಇ ಅಂತ ಬರೆದಿರುತ್ತದೆ. ಅದಕ್ಕೆ ಅರ್ತ್ ಕೊಡಲೇಬೇಕು. ಕೆಲವರು ರೆಸಿಸ್ಟರ್ ಹಾಕುತ್ತಾರೆ, ಅದೂ ನಡೆಯುತ್ತದೆ. ಆದರೆ ಅದು ಒಲೆಯ ಹಾಗೆ ಕಾಯುತ್ತದೆ, ತಗಡಿನ ಮೇಲೆ ಬೋಲ್ಟ್ ಮಾಡಬೇಕು, ವೈರಿಗೆ ಕಟ್ಟಬಾರದು. ನನಗೆ ರೆಸಿಸ್ಟರ್ ಇಷ್ಟ ಇಲ್ಲ. ಕರೆಂಟ್ ಉಳಿಸೋಕೆ ಎಲ್‌ಇಡಿ ಹಾಕಿ, ಉಳಿದದ್ದನ್ನು ರೆಸಿಸ್ಟರಿನಲ್ಲಿ ಸುಡೋದು ಯಾವ ಲೆಕ್ಕ?

ಕೆಂಪು ಲೈಟ್ ಎಲ್‌ಇಡಿಯಿಂದ ಬಂದದ್ದಲ್ಲ. ಹಳೆ 90 ವ್ಯಾಟಿಗಿಂತ ಇದು ಅರ್ಧಕ್ಕಿಂತ ಕಡಿಮೆ ಎಳೆಯುತ್ತದೆ. ಮೊದಲೂ ಇತ್ತು, ಈಗ ನೀವು ಮೀಟರ್ ಬೋರ್ಡನ್ನೇ ನೋಡುತ್ತಾ ಕೂತಿದ್ದೀರಿ, ಅದಕ್ಕೆ ಕಂಡಿದೆ. ರೇಸ್ ಮಾಡಿದರೆ ಹೋಗುತ್ತದೆ ಅಂದರೆ ಬೆಲ್ಟ್ ಸಡಿಲ ಇರಬೇಕು, ಇಲ್ಲವೇ ಡೈನಮೋದ ಕಾರ್ಬನ್ ಬ್ರಷ್ ಸವೆದಿರಬೇಕು. ಬೆಲ್ಟ್ ಮೊದಲು ನೋಡಿ.


ಹಳೆಪಿಕಪ್ (ಆಸ್ಟಿನ್, ಟೆಕ್ಸಸ್):

ಹಳೇವೈರ್ ಅವರು ಹೇಳಿದ್ದು ಸರಿ ಇದೆ. ಇದೇ ತರಹ ಇನ್ನೊಂದು ತೊಂದರೆ ಇದೆ, ಮುಂದೆ ಯಾರಿಗಾದರೂ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ. ನಾನು ಶಿವಮೊಗ್ಗದವನು, ಇಲ್ಲಿ 1994ರ ಟೊಯೋಟಾ ಪಿಕಪ್ ಇಟ್ಟುಕೊಂಡಿದ್ದೇನೆ. ಚೌಕದ ಸೀಲ್ಡ್ ಬೀಮ್ (ಬಲ್ಬು, ಡೂಮು, ಗಾಜು ಎಲ್ಲ ಒಂದೇ ಆಗಿರುವ ಲೈಟ್) ತೆಗೆದು ಎಲ್‌ಇಡಿ ಹಾಕಿದಾಗ ನನಗೆ ಆದದ್ದು ಉಲ್ಟಾ. ಬ್ರೈಟ್ ಹಾಕಿದರೂ ನೀಲಿ ಲೈಟ್ ಉರಿಯಲೇ ಇಲ್ಲ. ಅರ್ತ್ ಎಲ್ಲ ಚೊಕ್ಕ.

ಕಾರಣ ಏನೆಂದರೆ, ಈ ಗಾಡಿಯಲ್ಲಿ ಹೆಡ್‌ಲೈಟಿನ ಎರಡೂ ಫಿಲಮೆಂಟಿಗೆ ಸೇರಿದ ಪಿನ್ನಿಗೆ ಪ್ಲಸ್ ಬರುತ್ತದೆ. ಸ್ವಿಚ್ ಮಾಡುವುದು ಡಿಮ್ ವೈರನ್ನೋ ಬ್ರೈಟ್ ವೈರನ್ನೋ ಅರ್ತ್‌ಗೆ ಜೋಡಿಸುವ ಕೆಲಸ, ಇದಕ್ಕೆ ನೆಗೆಟಿವ್ ಸ್ವಿಚಿಂಗ್ ಅನ್ನುತ್ತಾರೆ. ನೀಲಿ ಬಲ್ಬ್ ಈ ಎರಡು ವೈರುಗಳ ಮಧ್ಯೆ ಕೂತಿರುತ್ತದೆ. ಬ್ರೈಟ್ ಹಾಕಿದಾಗ ಬ್ರೈಟ್ ವೈರ್ ಅರ್ತ್ ಆಗುತ್ತದೆ. ನೀಲಿ ಬಲ್ಬಿಗೆ ಬೇಕಾದ ಪ್ಲಸ್ ಮಾತ್ರ ಸುಮ್ಮನಿರುವ ಡಿಮ್ ಫಿಲಮೆಂಟ್ ದಾಟಿಕೊಂಡು ಬರುತ್ತದೆ. ಅಂದರೆ ಡಿಮ್ ಫಿಲಮೆಂಟೇ ಆ ಬಲ್ಬಿಗೆ ವೈರು. ಎಲ್‌ಇಡಿಯಲ್ಲಿ ಫಿಲಮೆಂಟ್ ಎಲ್ಲಿದೆ? ದಾರಿ ಕಟ್.

ನಾನು ಮೀಟರ್ ಬೋರ್ಡ್ ಬಿಚ್ಚಿ ಆ ಬಲ್ಬಿನ ಡಿಮ್ ವೈರ್ ಕಡೆಯ ತುದಿಯನ್ನು ಕಿತ್ತು, ಫ್ಯೂಸ್ ಇರುವ ಇಗ್ನಿಷನ್ ಪ್ಲಸ್ಸಿಗೆ ಕೊಟ್ಟೆ. ಈಗ ಬ್ರೈಟ್ ವೈರ್ ಅರ್ತ್ ಆದಾಗ ಮಾತ್ರ ಉರಿಯುತ್ತದೆ. ಮೀಟರ್ ಬೋರ್ಡ್ ಬಿಚ್ಚಲು ಮನಸ್ಸಿಲ್ಲದವರಿಗೆ ಇಲ್ಲಿ ನೆಗೆಟಿವ್ ಸ್ವಿಚಿಂಗ್ ಅಡಾಪ್ಟರ್ ವೈರಿಂಗ್ ಸಿಗುತ್ತದೆ.

ಎಫ್‌ಎಂ ಕರಕರ ಅನ್ನುವುದು ಎಲ್‌ಇಡಿ ಡ್ರೈವರಿನದೇ ಸದ್ದು. ವೈರಿಗೆ ಫೆರೈಟ್ ರಿಂಗ್ ಹಾಕಿದರೆ ಸ್ವಲ್ಪ ಕಡಿಮೆ ಆಗುತ್ತದೆ, ಪೂರ್ತಿ ಹೋಗಲ್ಲ.

ಇನ್ನೊಂದು ಮಾತು. ಏಳಿಂಚಿನ ಗುಂಡು ಲೈಟ್ ಅಮೆರಿಕದಲ್ಲಿ 1940ರಿಂದ ಕಡ್ಡಾಯ ಅಳತೆ ಆಗಿತ್ತು. ಜೀಪ್ ರ‍್ಯಾಂಗ್ಲರಿನ ಜೆಕೆ ಮಾಡೆಲ್‌ಗೂ ಅದೇ ಅಳತೆ. ಹಾಗಾಗಿ ಮಾರ್ಕೆಟ್ಟಿನಲ್ಲಿರುವ ಏಳಿಂಚಿನ ಎಲ್‌ಇಡಿ ಬಹಳಷ್ಟು ಆ ಜೀಪಿಗೆ ಅಂತ ಮಾಡಿದ್ದು. ಇಲ್ಲಿ ಗಾಡಿ ಓಡುವುದು ರಸ್ತೆಯ ಬಲಗಡೆ. ಆ ಲೈಟಿನ ಡಿಮ್ ಬೆಳಕು ಬಲಕ್ಕೆ ಮೇಲೇರುವ ಹಾಗೆ ಇರಬಹುದು. ಅದನ್ನೇ ತಂದು ಭಾರತದಲ್ಲಿ ಹಾಕಿದರೆ ಡಿಮ್‌ನಲ್ಲೂ ಎದುರಿನವರ ಕಣ್ಣಿಗೆ ನೇರ ಹೊಡೆಯುತ್ತದೆ. ಗೋಡೆ ಮುಂದೆ ನಿಲ್ಲಿಸಿ ನೋಡಿ.


ಹಳೇವೈರ್ (ಹುಬ್ಬಳ್ಳಿ):

ಆಸ್ಟಿನ್ ಅಣ್ಣಾರು ಹೇಳಿದ ನೆಗೆಟಿವ್ ಸ್ವಿಚಿಂಗ್ ನಮ್ಮಲ್ಲೂ ಇದೆ. ಮಾರುತಿಯ ಎಷ್ಟೋ ಮಾಡೆಲ್ ಹಾಗೇ. ಅದಕ್ಕೇ ಮಾರುತಿಗೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್) ಕಿಟ್ ಬೇರೆ ಕೇಳಿ ತಗೋಬೇಕು.

ನಿಮ್ಮ ಗಾಡಿ ಯಾವುದು ಅಂತ ಕಂಡುಹಿಡಿಯುವುದು ಸುಲಭ. ಕಪ್ಲರ್ ಬಿಚ್ಚಿ. ಟೆಸ್ಟ್ ಲ್ಯಾಂಪಿನ ಕ್ಲಿಪ್ ಬ್ಯಾಟರಿ ಮೈನಸ್ಸಿಗೆ ಹಾಕಿ ಗಾಡಿ ಕಡೆಯ ಮೂರೂ ಪಿನ್ ಚುಚ್ಚಿ. ಡಿಮ್ ಹಾಕಿದಾಗ ಒಂದು ಪಿನ್ನಿನಲ್ಲಿ ಉರಿದು, ಬ್ರೈಟ್ ಹಾಕಿದಾಗ ಇನ್ನೊಂದರಲ್ಲಿ ಉರಿದು, ಮೂರನೆಯದರಲ್ಲಿ ಯಾವಾಗಲೂ ಉರಿಯದಿದ್ದರೆ ಪಾಸಿಟಿವ್ ಸ್ವಿಚಿಂಗ್. ಆ ಉರಿಯದ ಪಿನ್ನೇ ಅರ್ತ್. ಡಿಮ್‌ಗೂ ಬ್ರೈಟ್‌ಗೂ ಒಂದೇ ಪಿನ್ನಿನಲ್ಲಿ ಉರಿದರೆ ನೆಗೆಟಿವ್. ವೈರಿನ ಬಣ್ಣ ನಂಬಬೇಡಿ. ಇಪ್ಪತ್ತು ವರ್ಷದ ಗಾಡಿಯಲ್ಲಿ ಯಾರ‍್ಯಾರು ಯಾವ ಬಣ್ಣದ ವೈರ್ ಸೇರಿಸಿದ್ದಾರೋ ದೇವರಿಗೇ ಗೊತ್ತು.


ಘಾಟಿ407 (ಮೂಡಿಗೆರೆ):

ಅಣ್ಣ, ನೀವು ಹೇಳಿದ ಹಾಗೇ ಮಾಡಿದೆ. ಟೆಸ್ಟ್ ಲ್ಯಾಂಪಿನಲ್ಲಿ ನೋಡಿದರೆ ಪಾಸಿಟಿವ್ ಸ್ವಿಚಿಂಗ್.

ಡಿಮ್ ಹಾಕಿ ಅಳೆದಾಗ ಎಡ ಲೈಟಿನ ಅರ್ತ್‌ನಲ್ಲಿ 2.9 ವೋಲ್ಟ್. ಎಡ ಇಂಡಿಕೇಟರ್ ಹಾಕಿದರೆ ಅದು 4.5ರ ತನಕ ಏರಿ ಇಳಿದು ಮಾಡುತ್ತದೆ, ನೀಲಿ ಲೈಟಿನ ಜೊತೆಜೊತೆಗೇ. ಬಲಗಡೆ 0.1. ಉದ್ದದ ವೈರ್ ಮುಟ್ಟಿಸಿದ ತಕ್ಷಣ ನೀಲಿ ಲೈಟ್ ಆರಿತು. ನಮ್ಮ ಹುಡುಗ ಪಕ್ಕದಲ್ಲೇ ಇದ್ದ, ಬಾಯಿ ಬಿಟ್ಟುಕೊಂಡು ನೋಡಿದ.

ಟೇಪ್ ಬಿಚ್ಚಿದರೆ ಒಳಗೆ ಅಂಟಂಟು. ಹಳೆ ವೈರಿನ ತಾಮ್ರ ಕಪ್ಪಗಾಗಿದೆ. ಅರ್ತ್ ಹಾಕಿದ ಸ್ಕ್ರೂ ಪೇಂಟ್ ಮೇಲೇ ಕೂತಿದೆ. ಈಗ ಹೊಸ ಅರ್ತ್ ಎಲ್ಲಿಗೆ ಕೊಡಲಿ? ಬ್ಯಾಟರಿಗೇ ನೇರ ಎಳೆಯಲಾ, ಚಾಸಿಗೆ ಕೊಡಲಾ?


ಹಳೇವೈರ್ (ಹುಬ್ಬಳ್ಳಿ):

2.9 ವೋಲ್ಟ್! ಲೈಟ್ ಮೂರು ಆಂಪಿಯರ್ ಎಳೆಯುತ್ತಿದೆ ಅಂತಿಟ್ಟುಕೊಂಡರೆ ಆ ಜಾಯಿಂಟ್ ಸುಮಾರು ಒಂದು ಓಮ್. ಒಂಬತ್ತು ವ್ಯಾಟ್ ಹತ್ತಿರ ಆ ಟೇಪಿನೊಳಗೇ ಬಿಸಿಯಾಗಿ ಹೋಗುತ್ತಿದೆ. ಅಂಟಂಟಾಗದೆ ಇನ್ನೇನು.

ಕಪ್ಪಾದ ತಾಮ್ರಕ್ಕೆ ಹೊಸ ವೈರ್ ತಿರುಚಿದರೆ ಹಿಡಿಯಲ್ಲ, ಬೆಸುಗೆಯೂ ಕೂರಲ್ಲ. ಹೊಳೆಯುವ ತಾಮ್ರ ಸಿಗುವ ತನಕ ಹಿಂದಕ್ಕೆ ಕತ್ತರಿಸುತ್ತಾ ಹೋಗಿ. ಡಿಮ್ ಮತ್ತು ಬ್ರೈಟ್ ವೈರಿಗೂ ಇದೇ ಮಾಡಿ, ಅವೂ ಅದೇ ಬಿಸಿಯಲ್ಲಿ ಬೆಂದಿರುತ್ತವೆ. ಅಲ್ಲಿಂದ ಹೊಸ ವೈರ್ ಸೇರಿಸಿ ಬೆಸುಗೆ ಹಾಕಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್. ಬರೀ ಟೇಪ್ ಮಲೆನಾಡಿನ ಮಳೆಗೆ ಎರಡು ಮಳೆಗಾಲ ತಡೆಯಲ್ಲ.

ಅರ್ತ್‌ಗೆ ಎರಡೂವರೆ ಚದರ ಎಂಎಂ ವೈರ್. ತುದಿಗೆ ರಿಂಗ್ ಥಿಂಬಲ್ ಒತ್ತಿ. ಚಾಸಿ ಮೇಲೆ ಒಳ್ಳೆ ಬೋಲ್ಟ್ ಇರುವ ಜಾಗ ನೋಡಿ, ಉಪ್ಪುಕಾಗದದಲ್ಲಿ ಪೇಂಟು, ತುಕ್ಕು ಎಲ್ಲ ಉಜ್ಜಿ ಬಿಳಿ ಲೋಹ ಕಾಣಿಸಿ. ಹಲ್ಲು ವಾಷರ್ ಹಾಕಿ ಬಿಗಿ ಮಾಡಿ, ಆಮೇಲೆ ಮೇಲೆ ಗ್ರೀಸ್ ಸವರಿ. ಮೊದಲೇ ಸವರಬೇಡಿ. ಮುಂದಿನ ಗ್ರಿಲ್ ತಗಡಿಗೆ, ಲೈಟ್ ಕೂರಿಸುವ ಬ್ರಾಕೆಟ್ಟಿಗೆ ಕೊಡಬೇಡಿ. ಆ ತಗಡಿನಿಂದ ಚಾಸಿಗೆ ಹೋಗುವುದೇ ತುಕ್ಕು ಹಿಡಿದ ನಾಲ್ಕು ಸ್ಕ್ರೂ ಮೂಲಕ.

ಬ್ಯಾಟರಿಗೆ ನೇರ ಎಳೆದರೂ ತಪ್ಪಿಲ್ಲ, ಆದರೆ ಬ್ಯಾಟರಿ ಮೈನಸ್ಸಿನಿಂದ ಚಾಸಿಗೆ ಬರುವ ಅರ್ತ್ ಪಟ್ಟಿ ಚೆನ್ನಾಗಿದ್ದರೆ ಚಾಸಿ ಸಾಕು. ಆ ಪಟ್ಟಿಯನ್ನೂ ಅಳೆಯಿರಿ. ಸೆಲ್ಫ್ ಹೊಡೆಯುವಾಗ ಬ್ಯಾಟರಿ ಮೈನಸ್ಸಿಗೂ ಚಾಸಿಗೂ ಮಧ್ಯೆ ಅರ್ಧ ವೋಲ್ಟಿಗಿಂತ ಜಾಸ್ತಿ ಬಂದರೆ ಪಟ್ಟಿ ಬಿಚ್ಚಿ ಉಜ್ಜಿ ಹಾಕಿ. ಇಂಡಿಕೇಟರಿನ ಅರ್ತ್ ಬೇರೆ ವೈರಿನಲ್ಲೇ ತಂದು ಅದೇ ಚಾಸಿ ಬೋಲ್ಟಿಗೆ ಕೊಡಿ. ಬಲಗಡೆ 0.1 ಇದೆ, ಅದನ್ನು ಮುಟ್ಟಬೇಡಿ.


ಶಾಲಾವಾಹನ (ಹಾಸನ):

ವೈರಿಂಗ್ ಮಾತು ಮುಗಿಯಿತಲ್ಲ, ಎಫ್‌ಸಿ ಬಗ್ಗೆ ನಾನೊಂದು ಹೇಳುತ್ತೇನೆ. ಎಂಟು ವರ್ಷ ದಾಟಿದ ಕಮರ್ಷಿಯಲ್ ಗಾಡಿಗೆ ವರ್ಷ ವರ್ಷ ಎಫ್‌ಸಿ, ಹಾಗಾಗಿ ಈ ಪಾಡು ನನಗೂ ಗೊತ್ತು. ಕಂಪನಿ ಕೊಟ್ಟದ್ದು ಬಿಟ್ಟು ಬೇರೆ ಲೈಟ್ ಹಾಕಿದ್ದನ್ನು ಬ್ರೇಕ್ ಇನ್ಸ್‌ಪೆಕ್ಟರ್ ಕೇಳಿದರೆ ನಮ್ಮ ಹತ್ತಿರ ಉತ್ತರ ಇರಲ್ಲ. 2024ರ ಜುಲೈನಿಂದ ಪೊಲೀಸರೂ ಕಣ್ಣು ಕುಕ್ಕುವ ಎಲ್‌ಇಡಿ ಮೇಲೆ ರಾಜ್ಯದಲ್ಲೆಲ್ಲ ಕೇಸ್ ಹಾಕಲು ಶುರು ಮಾಡಿದರು. ಹಳೆ ಡೂಮ್ ಬಿಸಾಕಬೇಡಿ ಅಂತಷ್ಟೇ ಹೇಳುತ್ತೇನೆ. ಮನಸ್ಸಿದ್ದರೆ ಹೊಸ ಡೂಮಿಗೆ ಕಂಪನಿಯ 60/55 ಬಲ್ಬ್ ಹಾಕಿ, ಬ್ಯಾಟರಿಯಿಂದ ರಿಲೇ ಮೂಲಕ ಪೂರ್ತಿ ವೋಲ್ಟೇಜ್ ಕೊಟ್ಟು ನೋಡಿ. ಹಳೆ ವೈರಿನಲ್ಲಿ ಹನ್ನೊಂದು ವೋಲ್ಟಿನಲ್ಲಿ ಉರಿಯುವ ಬಲ್ಬಿಗೂ ಹದಿಮೂರರಲ್ಲಿ ಉರಿಯುವುದಕ್ಕೂ ಅಜಗಜಾಂತರ. ನಾನು ಅಲ್ಲಿಗೇ ನಿಂತೆ, ಎಲ್‌ಇಡಿಗೆ ಹೋಗಲಿಲ್ಲ.

ಎಲ್‌ಇಡಿಯೇ ಇಟ್ಟುಕೊಳ್ಳುವುದಾದರೆ ಲೈಟ್ ಸೆಟ್ ಮಾಡದೆ ರಸ್ತೆಗೆ ಇಳಿಸಬೇಡಿ. ಸಮತಟ್ಟು ಜಾಗದಲ್ಲಿ ಗೋಡೆಯಿಂದ ಹತ್ತು ಮೀಟರ್ ದೂರ ನಿಲ್ಲಿಸಿ. ಡಿಮ್ ಬೆಳಕಿನ ಮೇಲಿನ ಅಂಚು ಲೈಟಿನ ನಡುಮಟ್ಟಕ್ಕಿಂತ ಗೇಣಷ್ಟಾದರೂ ಕೆಳಗೆ ಬರಬೇಕು. 407ರಲ್ಲಿ ಲೋಡ್ ಹಾಕಿದರೆ ಹಿಂದಿನ ಪಟ್ಟ ಕುಸಿದು ಮೂತಿ ಮೇಲೇಳುತ್ತದೆ, ಲೈಟೂ ಮೇಲೇಳುತ್ತದೆ. ಖಾಲಿ ಗಾಡಿಯಲ್ಲಿ ಸೆಟ್ ಮಾಡಿ ಮೂರು ಟನ್ ತುಂಬಿಕೊಂಡು ಹೋದರೆ ಏನೂ ಪ್ರಯೋಜನ ಇಲ್ಲ. ಲೋಡ್ ಇದ್ದಾಗಲೇ ಸೆಟ್ ಮಾಡಿ.


ಘಾಟಿ407 (ಮೂಡಿಗೆರೆ):

ಎಲ್ಲರಿಗೂ ಥ್ಯಾಂಕ್ಸ್. ಎಡಗಡೆ ಮೂರೂ ವೈರ್ ಹಿಂದಕ್ಕೆ ಕತ್ತರಿಸಿ ಹೊಸದು ಹಾಕಿದೆವು. ಒಳ್ಳೆ ತಾಮ್ರ ಸಿಗಬೇಕಾದರೆ ಒಂದು ಮೊಳ ಹೋಯಿತು. ಅರ್ತ್ ಚಾಸಿಗೆ. ಈಗ ಮೀಟರಿನಲ್ಲಿ 0.04. ಡಿಮ್‌ನಲ್ಲಿ ನೀಲಿ ಲೈಟ್ ಪೂರ್ತಿ ಆರಿದೆ, ಇಂಡಿಕೇಟರ್ ಹಾಕಿದರೂ ಅಲ್ಲಾಡಲ್ಲ. ಮೂರು ಪಿನ್ನಿನ ಫ್ಲ್ಯಾಷರ್ ಹಾಸನದಲ್ಲಿ ಸಿಕ್ಕಿತು. ಈಗ ಇಂಡಿಕೇಟರೂ ಮಾಮೂಲಿ ಹಾಗೇ ಬಡಿಯುತ್ತದೆ. ಬೆಲ್ಟ್ ಬಿಗಿ ಇತ್ತು, ಡೈನಮೋ ಬಿಚ್ಚಿಸಿದರೆ ಬ್ರಷ್ ಸವೆದು ಚೂರೇ ಉಳಿದಿತ್ತು. ಬದಲಾಯಿಸಿದ ಮೇಲೆ ಕೆಂಪು ಲೈಟೂ ಕಾಣಲ್ಲ.

ಗೋಡೆ ಮುಂದೆ ನಿಲ್ಲಿಸಿ ನೋಡಿದೆ. ಆಸ್ಟಿನ್ ಸರ್ ಹೇಳಿದ್ದು ನಿಜ, ಡಿಮ್ ಅಂಚು ಬಲಕ್ಕೆ ಮೇಲೇರುತ್ತದೆ. ಅಂಗಡಿಯವನ ಹತ್ತಿರ ಎಡಗಡೆ ರಸ್ತೆಗೆ ಆಗುವ ಜೊತೆ ಕೇಳಿದ್ದೇನೆ, ವ್ಯತ್ಯಾಸದ ದುಡ್ಡು ಕೊಟ್ಟರೆ ಬದಲಾಯಿಸಿ ಕೊಡುತ್ತೇನೆ ಅಂದಿದ್ದಾನೆ. ಅಲ್ಲಿಯ ತನಕ, ಎಫ್‌ಸಿಗೂ, ಹಳೆ ಅಳತೆಯ ಹೊಸ ಡೂಮ್ ಜೊತೆ 60/55 ಹಾಕಿಕೊಂಡಿದ್ದೇನೆ. ಕಪ್ಲರ್ ಒಂದೇ, ಬಿಚ್ಚಿ ಹಾಕಿದರೆ ಆಯಿತು. ಆ ಬಿಳಿ ಬೆಳಕು ಮಂಜಿನಲ್ಲಿ ಗೋಡೆ ಕಟ್ಟಿದ ಹಾಗೆ ಎದುರಿಗೆ ನಿಲ್ಲುತ್ತಿತ್ತು, ಇದರಲ್ಲಿ ಅಷ್ಟು ಇಲ್ಲ.

ಬಂಪರ್ ಕೆಳಗೆ ಹಳದಿ ಫಾಗ್ ಲ್ಯಾಂಪ್ ಒಂದು ಜೊತೆ ಹಾಕಬೇಕು ಅಂತಿದ್ದೇನೆ, 55 ವ್ಯಾಟಿನವು. ಕರೆಂಟ್ ಹೆಡ್‌ಲೈಟ್ ವೈರಿನಿಂದಲೇ ತೆಗೆದುಕೊಳ್ಳಬಹುದಾ ಹಳೇವೈರ್ ಅಣ್ಣ?


ಹಳೇವೈರ್ (ಹುಬ್ಬಳ್ಳಿ):

ಬೇಡ. ಎರಡು 55 ಅಂದರೆ ಒಂಬತ್ತು ಆಂಪಿಯರ್ ಮೇಲೆ. ಈಗಷ್ಟೇ ಸರಿ ಮಾಡಿದ ವೈರಿಗೆ ಮತ್ತೆ ಅದೇ ಹೊರೆ ಹೊರಿಸಬೇಡಿ.

ಬ್ಯಾಟರಿ ಪ್ಲಸ್ಸಿನಿಂದ ಬೇರೆ ವೈರ್, ಬ್ಯಾಟರಿ ಪಕ್ಕದಲ್ಲೇ 15 ಆಂಪ್ ಫ್ಯೂಸ್, ಅಲ್ಲಿಂದ ರಿಲೇಯ 30 ನಂಬರಿನ ಪಿನ್ನಿಗೆ. 87ರಿಂದ ಎರಡೂ ಫಾಗ್ ಲ್ಯಾಂಪಿಗೆ. 86ಕ್ಕೆ ಪಾರ್ಕಿಂಗ್ ಲೈಟಿನ ವೈರಿನಿಂದ ಸ್ವಿಚ್ ಮೂಲಕ ಕೊಡಿ, ರಿಲೇ ಕಾಯಿಲ್ ಎಳೆಯುವುದು ತೀರಾ ಕಡಿಮೆ, ಆ ವೈರಿಗೆ ಭಾರ ಆಗಲ್ಲ. 85 ಅರ್ತ್. ಹೀಗೆ ಮಾಡಿದರೆ ಹೆಡ್‌ಲೈಟ್ ಪೂರ್ತಿ ಆರಿಸಿ ಬರೀ ಫಾಗ್ ಲ್ಯಾಂಪಿನಲ್ಲೂ ಹೋಗಬಹುದು. ದಟ್ಟ ಮಂಜಿನಲ್ಲಿ ನಿಮಗೆ ಅದೇ ಬೇಕಾಗುತ್ತದೆ. ರಿಲೇಯನ್ನು ಪಿನ್ ಕೆಳಗೆ ಬರುವ ಹಾಗೆ ಕೂರಿಸಿ, ನೀರು ನಿಲ್ಲಬಾರದು. ಫಾಗ್ ಲ್ಯಾಂಪಿನ ಅರ್ತ್‌ಗೆ ಚಾಸಿ ಮೇಲೆ ಬೇರೆ ಬೋಲ್ಟ್ ನೋಡಿ.